ಕೊಟ್ರಬಸಮ್ಮನ ಆಣೆ

ಕುರುಗೋಡಿನ ಕೊಟ್ರಬಸಮ್ಮ ಬಡಿಸಲು ನಿಂತರೆ ಉಣ್ಣುವವರ ಗತಿ ದೇವರೇ ಬಲ್ಲ. ‘ಸಾಕು’ ಎಂದವರ ಎಲೆಗೆ ಇನ್ನೆರಡು ಹೆಚ್ಚಿಗೆ ಬೀಳುತ್ತಿದ್ದವು. ಕೈ ಅಡ್ಡ ಹಿಡಿದರೆ ‘ನನ್ನಾಣಿ’ ಎನ್ನುತ್ತಿದ್ದಳು. ಆಣೆ ಹಾಕಿದ ಮೇಲೂ ಉಣ್ಣದಿದ್ದರೆ ಹಾಕಿದವರಿಗೇ ಕೇಡೆಂದು ನಮ್ಮ ಕಡೆ ನಂಬಿಕೆ. ಹೊಟ್ಟೆ ಬಿರಿಯುವಂತಿದ್ದರೂ ಜನ ನುಂಗುತ್ತಿದ್ದರು. ಇದನ್ನೇ ಎಲ್ಲರೂ ಪ್ರೀತಿ ಎನ್ನುತ್ತಿದ್ದರು. ನನಗಂತೂ ಈ ಪ್ರೀತಿಯ ಹೆಸರೆತ್ತಿದರೆ ಈಗಲೂ ಮೈ ಉರಿಯುತ್ತದೆ.

ನಲವತ್ತಾರರ ಶ್ರಾವಣದಲ್ಲಿ ಅವಳ ತಮ್ಮ ಹಾಲಸಿದ್ದಪ್ಪ ವಿಷಮಶೀತ ಜ್ವರದಿಂದ ಎದ್ದು, ಬಳ್ಳಾರಿಯ ಆಸ್ಪತ್ರೆಯಿಂದ ನೇರ ಅಕ್ಕನ ಮನೆಗೆ ಬಂದ. ಅವನ ಊರು ಸಿರುಗುಪ್ಪ. ಅಲ್ಲಿ ಹೆಂಡತಿ ಜಡೆಮ್ಮ ಹಸಿ ಬಾಣಂತಿ, ಅವನ ಆರೈಕೆ ಮಾಡುವವರಿರಲಿಲ್ಲ. “ಜ್ವರ ಬಿಟ್ಟೈತಿ, ಕರುಳು ಇನ್ನೂ ಹುಣ್ಣೈತಿ. ಗಂಜಿ ಬಿಟ್ಟು ಬ್ಯಾರೆ ಏನೂ ಕೊಡಬ್ಯಾಡ್ರಿ” ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕೊಟ್ರಬಸಮ್ಮ ಹಾಗೇ ನಡೆದುಕೊಂಡಳು, ಪಂಚಮಿ ಬರುವ ತನಕ.

ರೇಷನ್ನಿನ ಕಾಲ. ಬೆಲ್ಲ ಸಿಗುವುದೇ ಕಷ್ಟ. ಆದರೂ ಹೇಗೋ ಹೊಂದಿಸಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದಳು. ಹಬ್ಬದ ದಿನ ತಮ್ಮನ ಮುಂದೆ ಬರೀ ಗಂಜಿ ಇಡಲು ಅವಳಿಗೆ ಮನಸ್ಸು ಬರಲಿಲ್ಲ.

“ಒಂದು ತಿನ್ನಪ್ಪ, ಏನಾಗಂಗಿಲ್ಲ.”

“ಬ್ಯಾಡಕ್ಕ, ಗಂಜಿ ಸಾಕು. ಡಾಕ್ಟರು ಬೈತಾರ.”

“ಪಂಚಮಿ ದಿನ ಅಕ್ಕನ ಮನ್ಯಾಗ ಗಂಜಿ ಕುಡೀತೀಯೇನು? ತಿನ್ನು, ನನ್ನಾಣಿ.”

ಹಾಲಸಿದ್ದಪ್ಪ ತಿಂದ. ಆಣೆಯ ಮೇಲೆ ಆಣೆ ಬಿತ್ತು, ಇನ್ನೂ ತಿಂದ. ಸಂಜೆಗೆ ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದ. ಬಂಡಿ ಕಟ್ಟಿಕೊಂಡು ಬಳ್ಳಾರಿಗೆ ಹೊರಟರು. ಕೊಳಗಲ್ಲಿನ ಹತ್ತಿರ ಜೀವ ಹೋಯಿತು.

ಊರು ಸುಮ್ಮನಿರುತ್ತದೆಯೇ? ಬಾಯಿ ಕಟ್ಟಲಾರದೆ ಸತ್ತ ಎಂದು ಆಡಿಕೊಂಡಿತು. ಕೊಟ್ರಬಸಮ್ಮ ಎದೆ ಬಡಿದುಕೊಂಡು ಅತ್ತಳು, ಆದರೆ ನಡೆದದ್ದನ್ನು ಬಾಯಿ ಬಿಡಲಿಲ್ಲ. ಅಂದಿನಿಂದ ಯಾರಿಗೂ ಒತ್ತಾಯ ಮಾಡಲಿಲ್ಲ. ‘ಸಾಕು’ ಎಂದರೆ ಬಡಿಸುವ ಕೈ ತಟ್ಟನೆ ಹಿಂದೆ ಸರಿಯುತ್ತಿತ್ತು. ವಯಸ್ಸಾಗುತ್ತ ಮುದುಕಿಯ ಕೈ ಬಿಗಿಯಾಗಿದೆ ಎಂದು ಜನ ಮೂಗು ಮುರಿದರು.

ಐವತ್ತೊಂದರಲ್ಲಿ ಅವಳ ಕಿರಿಯ ಮಗಳ ಮದುವೆ. ಜಡೆಮ್ಮ ತನ್ನ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊಟಕ್ಕೆ ಕೂತಿದ್ದಳು. ಅಪ್ಪನ ಮುಖವನ್ನೇ ನೋಡದ ಆ ಹುಡುಗಿ ಇನ್ನೊಂದು ಹೋಳಿಗೆ ಬೇಡಿತು. ಜಡೆಮ್ಮ ಅದರ ಕೈಮೇಲೆ ಹೊಡೆದಳು.

“ಸಾಕು ಮಾಡಲೇ. ನಿಮ್ಮಪ್ಪನಂಗ ತಿಂದು ಸಾಯ್ತೀಯೇನು?”

ಹೋಳಿಗೆ ಬುಟ್ಟಿ ಹಿಡಿದಿದ್ದ ಕೊಟ್ರಬಸಮ್ಮ ನಿಂತಲ್ಲೇ ನಿಂತಳು.

“ಅವನ್ನ ಅನಬ್ಯಾಡ, ಜಡೆಮ್ಮ. ಅವ ಬ್ಯಾಡ ಅಂದಿದ್ದ. ಆಣಿ ಹಾಕಿ ತಿನ್ನಿಸಿದಾಕಿ ನಾನು.”

ಜಡೆಮ್ಮ ಅರ್ಧ ಉಂಡ ಎಲೆ ಬಿಟ್ಟು ಎದ್ದಳು. ಮಗಳ ಕೈ ಹಿಡಿದು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

“ಇಷ್ಟು ವರ್ಷ ಈ ಕೂಸಿನ ಮುಂದ ಸತ್ತಾವನ್ನ ಬೈಕೋಂತ ಬಂದೀನಲ್ಲಕ್ಕ!”