ತಂಗಿಯ ಸೈಕಲ್ಲಿನ ಸಡಿಲ ರಿಂಗು

ನಮ್ಮಪ್ಪ ಮದ್ದೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದವರು. ಕಣ್ಣು ಮಂಜಾಗಿ ಕೈ ನಡುಗತೊಡಗಿದ ಮೇಲೆ ಮುಚ್ಚಿದರು. ನಾವಿಬ್ಬರೇ ಹೆಣ್ಣುಮಕ್ಕಳು. ಸ್ಕೂಲು ಬಿಟ್ಟ ಕೂಡಲೇ ನಾನು ಶಾಪಿಗೆ ಓಡಿ ಪಂಕ್ಚರ್ ಹಾಕುತ್ತಿದ್ದೆ, ಚಕ್ರದ ಬೆಂಡು ತೆಗೆಯುತ್ತಿದ್ದೆ. ತಂಗಿ ಗ್ರೀಸು ಮೆತ್ತಿಕೊಳ್ಳುತ್ತದೆಂದು ಒಳಗೇ ಬರುತ್ತಿರಲಿಲ್ಲ. ಕೊನೆಗೆ ನಾನು ಮಂಡ್ಯದ ಬ್ಯಾಂಕೊಂದರಲ್ಲಿ ಗಾಜಿನ ಹಿಂದೆ ಕುಳಿತೆ. ಅವಳು ಮಳವಳ್ಳಿಯ ಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ, ಮದುವೆಯ ಮಾತೆತ್ತಿದರೆ ನಕ್ಕುಬಿಟ್ಟು, ಅಪ್ಪನ ಜೊತೆಯಲ್ಲೇ ಉಳಿದಳು.

ಹೋದ ವರ್ಷ ಒಂದು ಶನಿವಾರ ಅವಳ ಫೋನು ಬಂತು.

"ಅಕ್ಕ, ಆನ್‌ಲೈನಲ್ಲಿ ಸೈಕಲ್ ತರ್ಸಿದೀನಿ. ಫಿಕ್ಸೆಡ್ ಗೇರು. ಅರ್ಧ ಬಿಚ್ಚಿ ಕಳ್ಸವ್ರೆ ಕಣಕ್ಕ. ನಾಳೆ ಬಂದು ಜೋಡ್ಸಿಕೊಡ್ತೀಯಾ?"

ಬರುತ್ತೇನೆ ಎಂದೆ. ನನ್ನ ಸೈಕಲ್ಲನ್ನು ಮದುವೆಯಾದ ವರ್ಷ ನಾನೇ ಯಾರಿಗೋ ಕೊಟ್ಟುಬಿಟ್ಟಿದ್ದೆ. ಆಮೇಲೆ ಇನ್ನೊಂದು ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಆದರೆ ಅವಳು ಕೊಂಡಳೆಂದು ಕೇಳಿದಾಗ, ನನ್ನದನ್ನೇ ಯಾರೋ ಎತ್ತಿಕೊಂಡು ಹೋದಂತಾಯಿತು.

ಮರುದಿನ ಬಸ್ಸಿನಲ್ಲಿ ಕೂತು, ಅವಳು ಕಳಿಸಿದ್ದ ವೀಡಿಯೋ ನೋಡಿದೆ. ಇಂಥ ಸೈಕಲ್ಲಿಗೆ ಫ್ರೀವೀಲ್ ಇರುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ನಿಧಾನ ಮಾಡಬೇಕೆಂದರೆ ಕಾಲಿನಲ್ಲೇ ಹಿಂದಕ್ಕೆ ಒತ್ತಬೇಕು. ಹಾಗೆ ಒತ್ತಿದಾಗ ಹಿಂದಿನ ಹಲ್ಲುಚಕ್ರ ಬಿಚ್ಚಿಕೊಳ್ಳದಿರಲೆಂದು ಅದರ ಮೇಲೊಂದು ಸಣ್ಣ ರಿಂಗು ಹಾಕಿರುತ್ತಾರೆ. ಹೊಸ ಸೈಕಲ್ಲಾದರೆ ಮೊದಲು ಆ ರಿಂಗು ಬಿಗಿಯಿದೆಯೇ ನೋಡಿ ಎಂದು ವೀಡಿಯೋದವನು ಎರಡು ಸಲ ಹೇಳಿದ.

ಮನೆ ತಲುಪಿದಾಗ ಅಪ್ಪ ಜಗುಲಿಯಲ್ಲಿ ಕೂತು ಫ್ರೇಮಿನ ಮೇಲೆ ಕೈಯಾಡಿಸುತ್ತಿದ್ದರು. "ಬಂದ್ಯಾ ಮಗ" ಎಂದವರೇ ಮುಖ ಅತ್ತ ತಿರುಗಿಸಿ, "ಎಷ್ಟು ಅಗುರ ಅದೆ ನೋಡವ್ವ! ನಿನ್ ಕಾಲಿಗೆ ಏಳಿ ಮಾಡ್ಸಿದಂಗದೆ" ಎಂದು ತಂಗಿಗೆ ಹೇಳಿದರು. ನಾನು ಕಾಲೇಜಿನಲ್ಲಿದ್ದಾಗ ಸೈಕಲ್ ರೇಸಿನಲ್ಲಿ ರಾಜ್ಯಮಟ್ಟದ ಪದಕ ತಂದ ದಿನವೂ ಅವರು ನನ್ನ ಕಾಲಿನ ಬಗ್ಗೆ ಒಂದು ಮಾತು ಆಡಿದವರಲ್ಲ.

ಕೆಲಸಕ್ಕೆ ಕೂತೆ. ಮುಂದಿನ ಚಕ್ರವನ್ನೂ ಅದಕ್ಕಿದ್ದ ಒಂದೇ ಒಂದು ಬ್ರೇಕನ್ನೂ ಕೂರಿಸಿದೆ. ಹ್ಯಾಂಡಲ್ ನೇರ ಮಾಡಿದೆ. ಎಡಗಡೆ ಪೆಡಲು ಉಲ್ಟಾ ತಿರುಗಿಸಿ ಹಾಕಬೇಕಲ್ಲ, ಅದನ್ನು ಕೈ ಮರೆತಿರಲಿಲ್ಲ. ಹಿಂದಿನ ಚಕ್ರವನ್ನು ಎಳೆದು ಚೈನು ಜೋಲದಂತೆ ಹಿಡಿದು ಎರಡೂ ನಟ್ಟು ಬಿಗಿಮಾಡಿದೆ. ತಂಗಿ ಸ್ಪ್ಯಾನರು ಎತ್ತಿಕೊಡುತ್ತಾ, ಪ್ರತಿಸಲ ತಪ್ಪು ಸೈಜೇ ಕೊಡುತ್ತಾ, ನಗುತ್ತಿದ್ದಳು. ಕೊನೆಗೆ ಆ ರಿಂಗಿನ ಮೇಲೆ ಬೆರಳಿಟ್ಟೆ. ಬೆರಳಿಗೇ ತಿರುಗಿತು.

ಹೇಳಬೇಕಿತ್ತು. ಬಾಯಿಗೂ ಬಂತು. ಅಷ್ಟರಲ್ಲಿ ಅಪ್ಪ, "ಒಂದ್ ರೌಂಡ್ ಓಗ್ಬಾ ಮಗ, ನೀ ತುಳಿಯೋದ ನೋಡ್ಬೇಕು" ಎಂದು ಅವಳಿಗೆ ಹೇಳಿ, ಕನ್ನಡಕ ಒರೆಸಿ ಹಾಕಿಕೊಂಡರು. ನಾನು ಬಾಯಿ ಮುಚ್ಚಿಕೊಂಡೆ.

ಅವಳು ಮಳವಳ್ಳಿ ರಸ್ತೆಗೆ ಇಳಿದಳು. ಬೆನ್ನು ಬಾಗಿಸಿ ತುಳಿಯುತ್ತಾ ಹೋದಳು, ನಿಜವಾಗಿಯೂ ಚೆನ್ನಾಗಿ ತುಳಿಯುತ್ತಿದ್ದಳು.

"ಎಲ್ಲಾ ಬಿಗಿ ಮಾಡ್ದೇನವ್ವ?" ಎಂದು ಅಪ್ಪ ಕೇಳಿದರು.

"ಊಂ ಅಪ್ಪ."

ಸೈಕಲ್ಲಿನ ವಿಷಯದಲ್ಲಿ ನಾನು ಅವರಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ಕಾಫಿ ಲೋಟ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಿರಬಹುದು. ಮುಂದೆ ಒಂದು ಇಳಿಜಾರಿದೆ, ಕೆಳಗೆ ಕಬ್ಬಿನ ಲಾರಿಗಳು ತಿರುಗುತ್ತವೆ ಎಂಬುದು ನೆನಪಾಯಿತು. ಲೋಟ ಅಲ್ಲೇ ಇಟ್ಟು, ಪಕ್ಕದ ಮನೆಯವರ ಸ್ಕೂಟಿ ಕೇಳಿ ತೆಗೆದುಕೊಂಡು ಹೊರಟೆ. ಅಪ್ಪ ಹಿಂದಿನಿಂದ ಏನೋ ಕೂಗಿದರು.

ಇಳಿಜಾರಿನ ನಡುವೆ, ನೀರಾವರಿ ಚಾನಲ್ಲಿನ ಏರಿಯ ಮೇಲೆ ಅವಳು ಕೂತಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಸೈಕಲ್ಲು ಹುಲ್ಲಿನಲ್ಲಿ ಬಿದ್ದಿತ್ತು.

"ಹಿಂದಕ್ಕೆ ಒತ್ದೆ, ಪೆಡಲು ಸುಮ್ನೆ ತಿರುಗ್ಬುಡ್ತು ಕಣಕ್ಕ! ಮುಂದಿನ ಬ್ರೇಕ್ ಇಲ್ದಿದ್ರೆ ಲಾರಿಗೇ ಓಗಿ ಗುದ್ದಿರ್ತಿದ್ದೆ" ಎಂದಳು. ಅವಳಿಗೆ ಇನ್ನೂ ನಗು. "ನೀನೇ ಜೋಡ್ಸಿದ್ದಲ್ಲ ಅಂತ ಧೈರ್ಯವಾಗಿ ಬುಟ್ಟೆ."

ನನ್ನ ಸೆರಗಿನಿಂದ ಅವಳ ಮೊಣಕೈ ಒತ್ತಿ ಹಿಡಿದೆ. "ಆ ರಿಂಗು ಸಡಿಲ ಇರೋದು ನಂಗೆ ಗೊತ್ತಿತ್ತು" ಎಂದೆ.

ಅವಳ ನಗು ನಿಂತಿತು. "ಗೊತ್ತಿತ್ತಾ?"

"ಊಂ."

"ಮತ್ಯಾಕೆ ಏಳ್ನಿಲ್ಲ?"

"ಹೊಟ್ಟೆಕಿಚ್ಚು ಕಣೇ."

ಅವಳು ಕೈ ಬಿಡಿಸಿಕೊಂಡಳು. ಚಾನಲ್ಲಿನ ನೀರಿಗೆ ಬಗ್ಗಿ ತಾನೇ ಮೊಣಕೈ ತೊಳೆದುಕೊಂಡಳು. ಬೈದಿದ್ದರೆ ಸುಲಭವಾಗುತ್ತಿತ್ತು. ಆಮೇಲೆ ಎದ್ದು, "ನಡಿ, ಅಪ್ಪ ಕಾಯ್ತಿರ್ತಾರೆ. ಅವ್ರಿಗೇನೂ ಏಳ್ಬೇಡ" ಎಂದಳು. ನಾನು ಸ್ಕೂಟಿ ತಳ್ಳಿಕೊಂಡು, ಅವಳು ಸೈಕಲ್ಲು ತಳ್ಳಿಕೊಂಡು, ಮನೆಯವರೆಗೂ ನಡೆದೆವು.

"ರಿಂಗು ಸಡಿಲಾಗಿತ್ತು ಅಪ್ಪ, ಕಂಪನೀಲೇ ಬಿಗಿ ಮಾಡ್ನಿಲ್ಲ ಅಂತ ಕಾಣ್ತದೆ" ಎಂದು ಅವಳೇ ಅಪ್ಪನಿಗೆ ಹೇಳಿದಳು. ಅದಕ್ಕೆ ಬೇಕಾದ ಕೊಕ್ಕೆ ಸ್ಪ್ಯಾನರು ನಮ್ಮ ಬಳಿ ಇರಲಿಲ್ಲ. ಅಪ್ಪ ಹಳೇ ಡಬ್ಬದಿಂದ ಉಳಿಯಂಥ ಪಂಚು, ಸುತ್ತಿಗೆ ತೆಗೆಸಿದರು. ಹೊಡೆಯಲು ನಾನು ಕೈ ಚಾಚಿದೆ. ತಂಗಿ ಅದಕ್ಕೆ ಮೊದಲೇ ಸುತ್ತಿಗೆ ತೆಗೆದುಕೊಂಡಳು.

"ನಂಗೇಳ್ಕೊಡಪ್ಪ" ಎಂದಳು.

ಅಪ್ಪ ರಿಂಗನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, "ಇದೂ ಉಲ್ಟಾ ಥ್ರೆಡ್ಡು ಕಣವ್ವ, ಇತ್ತಗೆ ಒಡಿ, ಮೆಲ್ಲಗೆ" ಎಂದು ತಮ್ಮ ನಡುಗುವ ಕೈಯನ್ನು ಅವಳ ಕೈ ಮೇಲಿಟ್ಟು ಪಂಚು ಹಿಡಿಸಿದರು. ನಾನು ಸೈಕಲ್ಲು ಅಲುಗದಂತೆ ಹಿಡಿದುಕೊಂಡು ನಿಂತಿದ್ದೆ. ಅಷ್ಟಾದ ಮೇಲೂ, ನಾಚಿಕೆಯಿಂದ ತಲೆ ತಗ್ಗಿಸಿಕೊಂಡಿದ್ದಾಗಲೂ, ಆ ಕೈಯ ಮೇಲಿನ ಕೈ ನೋಡಿ ನನ್ನ ಹೊಟ್ಟೆ ಮತ್ತೆ ಉರಿಯಿತು.

ಈಗ ಅವಳು ರಜೆಯಿದ್ದಾಗ ಕೊಕ್ಕರೆ ಬೆಳ್ಳೂರಿನವರೆಗೂ ಹೋಗಿಬರುತ್ತಾಳೆ. ನಾನು ಊರಿಗೆ ಹೋದಾಗ ಪ್ರೀತಿಯಿಂದಲೇ ಮಾತಾಡಿಸುತ್ತಾಳೆ, ಮಂಡ್ಯಕ್ಕೆ ಬಸ್ಸು ಹತ್ತಿಸಲು ಬರುತ್ತಾಳೆ. ಹೋದ ತಿಂಗಳು ಒಮ್ಮೆ, "ಸೈಕಲ್ ಒಂದ್ಸಲ ನೋಡ್ಕೊಡ್ಲಾ?" ಎಂದು ಕೇಳಿದೆ.

"ಬ್ಯಾಡ ಬುಡಕ್ಕ, ನೋಡ್ಕೊಂಡಿದೀನಿ" ಎಂದಳು. ಸಿಟ್ಟೇನೂ ಇರಲಿಲ್ಲ.