ರಾಶಿ ತುಳಿಸಿದಾತ

ಬಂಡಳ್ಳಿಯ ಕಣದಲ್ಲಿ ರಾಗಿ ತೆನೆಯ ಮೇಲೆ ಕಲ್ಲುಗುಂಡು ಎಳೆಸುತ್ತಿದ್ದ ಆತ ಎತ್ತುಗಳಿಗೆ ಚಾವಟಿ ತೋರಿಸಿದ್ದನ್ನು ನಾನು ಕಾಣೆ. ನಾಲಗೆಯಲ್ಲಿ ಲೊಚಗುಟ್ಟಿದರೆ ಸಾಕು, ಅವು ತಿರುಗುತ್ತಿದ್ದವು. ತೂರಿದ ರಾಶಿಯ ಹತ್ತಿರ ಯಾರೇ ಬಂದರೂ ಆತನದು ಒಂದೇ ಮಾತು: "ಲಕ್ಷ್ಮಿ ಕಣ್ರಪ್ಪಾ, ಕಾಲಿನ ಮೆಟ್ಟು ಆಚೆ ಬುಡಿ."

ಕಾಲೇಜಿನ ರಜೆಯಲ್ಲಿ ಹೋಗಿದ್ದ ನಾನು ಡಬ್ಬಿ ಕ್ಯಾಮೆರಾದೊಳಗೆ ಬಗ್ಗಿ ನೋಡುತ್ತ, ಹಿಂದೆ ಹಿಂದೆ ಸರಿದು, ಹುಲ್ಲಿನಲ್ಲಿ ಜಾರಿ ಗುಂಡಿನ ದಾರಿಗೇ ಬಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಎತ್ತಿನ ಬಿಸಿಯುಸಿರು ಮುಖಕ್ಕೆ ತಾಗುತ್ತದೆ. ಒಂದು ಪಕ್ಕ ಬಣವೆ, ಇನ್ನೊಂದು ಪಕ್ಕ ರಾಶಿ. ಆತ ಹಗ್ಗ ಜಗ್ಗಿ ಎತ್ತನ್ನೂ ಗುಂಡನ್ನೂ ರಾಶಿಯ ಮೇಲೆಯೇ ಹತ್ತಿಸಿಬಿಟ್ಟ.

ಆಮೇಲೆ ಚೆಲ್ಲಿದ ರಾಗಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ತಪ್ಪಾಯ್ತು ಕಣವ್ವಾ."

ನಾನು ಹುಲ್ಲು ಕೊಡವಿಕೊಂಡು ಎದ್ದೆ. ನನ್ನ ಕಡೆ ತಿರುಗಿ ಕೇಳಿದ: "ಪಟ ಬಂತಾ ಸಾ?"