ಸಿರಾಜಣ್ಣನ ಸಿ-ಟೂ ಬಣ್ಣ

ಅಜ್ಜಂಪುರದ ಸುತ್ತಮುತ್ತ ಯಾರಾದರೂ ತೀರಿಕೊಂಡರೆ, ಮಠದ ಅಯ್ಯನವರಿಗೆ ಹೇಳಿಕಳಿಸಿದ ಮೇಲೆ ಮುಂದಿನ ಫೋನು ಹೋಗುವುದು ಸ್ಟುಡಿಯೋ ಸಿರಾಜುದ್ದೀನನಿಗೆ. ಇಲ್ಲಿನ ಶಿವಭಕ್ತರ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿ, ಮನೆಮಂದಿಯೆಲ್ಲ ಅಕ್ಕಪಕ್ಕ ಕೂತು ಪಟ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಹೆಂಗಸರಿಗೆ ಮದುವೆಯಾದ ಮೇಲೆ ನೆಟ್ಟಗೆ ಒಂದು ಪಟ ತೆಗೆಸಿಕೊಳ್ಳುವ ಭಾಗ್ಯ ಸಿಕ್ಕಿರುವುದಿಲ್ಲ. ಸತ್ತ ದಿನ ಮಾತ್ರ ಗಂಡ ಪಕ್ಕದಲ್ಲಿ ಬಂದು ಕೂರುತ್ತಾನೆ.

ಸಿರಾಜುದ್ದೀನನ ಜನರಲ್ಲಿ ಈ ಪದ್ಧತಿ ಇಲ್ಲ. ಅವನ ತಾಯಿ ಮಹಬೂಬ್ ಬಿ, ಮಗ ಇಂಥ ಕೆಲಸಕ್ಕೆ ಹೊರಟಾಗಲೆಲ್ಲ ಗೊಣಗುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನ ಮಟ್ಟಿಗೆ ಅದೊಂದು ಸೇವೆ. ಸತ್ತ ಮುಖ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ, ತುಟಿ ನೀಲಿಯಾಗಿರುತ್ತದೆ, ಮೇಲೆ ಟ್ಯೂಬ್‌ಲೈಟಿನ ಹಸಿರು ಬೇರೆ. ಅಂಥ ಪಟವನ್ನು ಗೋಡೆಗೆ ಹಾಕಿಕೊಂಡು ಮನೆಯವರು ಅದರ ಕೆಳಗೆ ಕೂತು ಊಟ ಮಾಡುವುದು ಹೇಗೆ?

ಕ್ಯಾಮೆರಾಕ್ಕೆ ಫಿಲ್ಮ್ ರೋಲು ಹಾಕುತ್ತಿದ್ದ ಕಾಲದಲ್ಲಿ ಅವನಿಗೆ ಒಂದು ಜಾತಿಯ ರೋಲು ಅಂದರೆ ಪ್ರಾಣ. ಎಂಥ ಕಪ್ಪು ಮುಖಕ್ಕೂ ಸಂಜೆ ಬಿಸಿಲಿನ ಬಣ್ಣ ಬರುತ್ತಿತ್ತು. ಬೀರೂರಿನಿಂದ ರೈಲು ಹತ್ತಿ ಹೋಗಿ ದೊಡ್ಡ ಊರಿನ ಲ್ಯಾಬಿನಲ್ಲಿ ತೊಳೆಸಿಕೊಂಡು ಬರುತ್ತಿದ್ದ. ರೋಲು ಹೋಯಿತು, ಡಿಜಿಟಲ್ ಬಂತು. ಕ್ಯಾಮೆರಾದ ಒಳಗೇ ಹಳೆ ರೋಲಿನಂಥ ಬಣ್ಣಗಳಿವೆ ಎಂದು ಗೊತ್ತಾದಾಗ, ಕಳೆದುಹೋದ ಎಮ್ಮೆ ತಾನಾಗಿ ಮನೆಗೆ ಬಂದಷ್ಟು ಖುಷಿಪಟ್ಟ. ಕೂತು ಕೂತು ಅದನ್ನು ತಿದ್ದಿದ. ಕೆಂಪನ್ನು ಸ್ವಲ್ಪ ಏರಿಸಿದ, ನೀಲಿಯನ್ನು ತಗ್ಗಿಸಿದ, ಚರ್ಮ ನಯವಾಗಿ ಕಾಣುವಂತೆ ಮಾಡಿದ. ಮೇಲಿನ ತಿರುಗಣೆಯಲ್ಲಿ ಸಿ-ಒನ್ ಎಂದು ತಿರುಗಿಸಿದರೆ ಮದುವೆಯ ಬಣ್ಣ, ಸಿ-ಟೂ ಎಂದರೆ ಸಾವಿನದು. ಸಿ-ಟೂನಲ್ಲಿ ತೆಗೆದರೆ ಹೆಣ ಊಟ ಮಾಡಿ ತೂಕಡಿಸುತ್ತಿರುವ ಮನುಷ್ಯನ ಹಾಗೆ ಕಾಣುತ್ತಿತ್ತು. "ನಮ್ಮಪ್ಪ ಬದುಕಿದ್ದಾಗ್ಲೂ ಇಷ್ಟು ಲಕ್ಷಣವಾಗಿರ್ಲಿಲ್ಲ ಕಣೋ ಸಿರಾಜಣ್ಣ" ಎಂದು ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮಾತಿಗೆ ಅವನು ಉಬ್ಬಿಹೋಗುತ್ತಿದ್ದ ಎಂದು ಹೇಳಲೇಬೇಕು.

ಕ್ಯಾಮೆರಾ ತಾನು ಕಂಡದ್ದನ್ನು ಯಾವ ಬಣ್ಣವೂ ಹಚ್ಚದೆ ಬೇರೆಯಾಗಿ ಇಟ್ಟುಕೊಳ್ಳುವ ವ್ಯವಸ್ಥೆಯೂ ಇದೆ. ಅದಕ್ಕೆ ರಾ ಫೈಲು ಎನ್ನುತ್ತಾರೆ. ಅದು ಜಾಗ ತಿನ್ನುತ್ತದೆ, ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಕೂರಿಸುತ್ತದೆ. ಸಾವಿನ ಮನೆಯವರಿಗೋ ನೆಂಟರ ಮೊಬೈಲಿಗೆ ಕಳಿಸಲು ಪಟ ಆ ಕ್ಷಣಕ್ಕೇ ಬೇಕು. ಹೀಗಾಗಿ ಸಿರಾಜುದ್ದೀನ್ ಅದನ್ನು ಆಫ್ ಮಾಡಿಟ್ಟಿದ್ದ. ಸಿ-ಟೂ ಕೊಟ್ಟಿದ್ದೇ ಪಟ. ಅದರ ಹಿಂದೆ ಬೇರೆ ಯಾವುದೂ ಇಲ್ಲ.

ಈರುಳ್ಳಿ ಮಂಡಿಯ ಷಣ್ಮುಖಪ್ಪನ ಸೊಸೆ ಶಾಂಭವಿ ತೀರಿಕೊಂಡಳೆಂದು ಫೋನು ಬಂದಾಗಲೂ ಅವನು ಯೋಚನೆ ಮಾಡದೆ ಹೊರಟ. ಎದೆ ಹಿಡಿದುಕೊಂಡಿತು ಅಂದರು. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಗಂಡ ತೀರ್ಥೇಶ್ ತಲೆ ತಗ್ಗಿಸಿ ಪಕ್ಕದಲ್ಲಿ ಕೂತಿದ್ದ. ಹಾರ ಕತ್ತಿನ ಮೇಲೆ ಬಹಳ ಮೇಲಕ್ಕೆ ಬಂದಿತ್ತು. ಸರಿಪಡಿಸಲು ಬಗ್ಗಿದಾಗ ಸಿರಾಜುದ್ದೀನನಿಗೆ ಕಂಡಿತು: ಕಿವಿಯ ಕೆಳಗಿಂದ ದವಡೆಯವರೆಗೆ, ಬಳಿದ ವಿಭೂತಿಯ ಅಡಿಯಲ್ಲಿ, ಕಪ್ಪಗೆ ನೀಲಿಗಟ್ಟಿದ ಗೆರೆಗಳು.

"ಹಾರ ಹಂಗೇ ಇರ್ಲಿ ಕಣಯ್ಯಾ, ಬೇಗ ತೆಗಿ. ಹೊತ್ತಾಯ್ತು" ಎಂದ ಷಣ್ಮುಖಪ್ಪ.

ಹೆಣದ ಮೈ ಅಲ್ಲಲ್ಲಿ ನೀಲಿಯಾಗುವುದು ಅವನು ನೋಡದ ಸಂಗತಿಯಲ್ಲ. ಪಾಪ, ಹುಡುಗಿ ಪಟದಲ್ಲಾದರೂ ಚೆನ್ನಾಗಿ ಕಾಣಲಿ ಅಂದುಕೊಂಡ. ಕೈ ತಾನಾಗಿ ಸಿ-ಟೂಗೆ ಹೋಯಿತು. ತೆಗೆದ ಮೇಲೆ ಹಿಂದಿನ ಪರದೆಯಲ್ಲಿ ನೋಡಿದರೆ ಕೆನ್ನೆ ಹಣ್ಣಿನ ಹಾಗಿತ್ತು. ಕೆಲಸ ಒಪ್ಪವಾಯಿತೆಂದು ಸಮಾಧಾನಪಟ್ಟುಕೊಂಡು ಮನೆಗೆ ಬಂದ.

ಬುಕ್ಕಾಂಬುಧಿಯಿಂದ ಶಾಂಭವಿಯ ತಾಯಿ ಶಕುಂತಲಮ್ಮ ಸ್ಟುಡಿಯೋ ಹುಡುಕಿಕೊಂಡು ಬಂದಾಗ ಮಣ್ಣು ಮಾಡಿ ಒಂದು ತಿಂಗಳ ಮೇಲಾಗಿತ್ತು. ಗಂಡನಿಲ್ಲದ ಹೆಂಗಸು, ಒಬ್ಬಳೇ ಬಂದಿದ್ದಳು.

"ಸಾಬ್ರೇ, ಅವತ್ತು ನಾನು ಬರೋದ್ರೊಳಗೆ ಎತ್ತೋಕೆ ನಿಂತಿದ್ರು. ಕೆನ್ನೆ ಮುಟ್ಟಿದೆ, ಇಬೂತಿ ಅಳಿಸಿಹೋಯ್ತು. ಒಳಗೆ ಬೆರಳಿನ ಗುರುತಿತ್ತು. ಅಷ್ಟರಲ್ಲಿ ಎಳ್ದುಬಿಟ್ರು. ಹೂತ ಹೆಣ ತೆಗೆಸಿ ನೋಡಿ ಅಂತ ಠಾಣೇಲಿ ಕೇಳ್ಕೊಂಡೆ. ಬೀಗರು ನಿಮ್ಮ ಪಟ ನಂಗೂ ಒಂದು ಲಕೋಟೇಲಿ ಕಳ್ಸವ್ರೆ, ಠಾಣೆಗೂ ಕೊಟ್ಟವ್ರೆ. ಅದ್ರಲ್ಲಿ ಏನೂ ಇಲ್ಲ ಅಂತಾರೆ. ನಿಮ್ಮ ಮಿಷನ್‌ನಲ್ಲಿ ಸರಿಯಾದ್ದು ಇರುತ್ತಲ್ಲ, ಅದನ್ನ ಕೊಡಿ."

ಅವನು ಕಂಪ್ಯೂಟರಿನಲ್ಲಿ ಪಟ ತೆರೆದ. ಕಿವಿಯ ಕೆಳಗೆ ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಬಣ್ಣ ಇಳಿಸಿ ನೋಡಿದ, ಕಪ್ಪು-ಬಿಳುಪು ಮಾಡಿ ನೋಡಿದ. ನುಣ್ಣನೆಯ ಚರ್ಮ, ಅಷ್ಟೇ.

"ಅಮ್ಮಾ, ಸರಿಯಾದ್ದು ಇಲ್ಲ. ಇದೊಂದೇ ಇರೋದು. ಆದ್ರೆ ನಾನು ನೋಡೀನಿ, ಗುರುತು ಇತ್ತು. ಬನ್ನಿ, ನಾನೇ ಬಂದು ಹೇಳ್ತೀನಿ."

ಷಣ್ಮುಖಪ್ಪನಂಥ ಕುಳವನ್ನು ಎದುರು ಹಾಕಿಕೊಂಡು ಈ ಊರಲ್ಲಿ ಸ್ಟುಡಿಯೋ ನಡೆಸುವುದು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದೂ ಹೋದ.

ಠಾಣೆಯ ಸಾಹೇಬರು ಕೆಟ್ಟವರೇನಲ್ಲ. ಕುರ್ಚಿ ಕೊಟ್ಟರು, ಕೇಳಿಸಿಕೊಂಡರು. ಮೇಜಿನ ಮೇಲೆ ಸಿರಾಜುದ್ದೀನನದೇ ಪಟ ಇತ್ತು.

"ಇದು ನೀನು ತೆಗೆದದ್ದೇ ತಾನೆ? ಈಗ ನೀನೇ ಸುಳ್ಳು ಅಂತೀಯಾ?"

ಸೆಟ್ಟಿಂಗ್ ಅಂದರೇನು ಎಂದು ಬಾಯಲ್ಲಿ ಹೇಳಿ ಸಾಕಾಗಿ ಅವನು ಕ್ಯಾಮೆರಾ ಹೊರತೆಗೆದ. ಪಕ್ಕದಲ್ಲಿ ನಿಂತಿದ್ದ ಪೇದೆಯ ಕೆನ್ನೆಯಲ್ಲಿ ಹಳೆಯ ನೀಲಿ ಮಚ್ಚೆಯೊಂದಿತ್ತು. ಸಿ-ಟೂನಲ್ಲಿ ಒಂದು ತೆಗೆದ, ಯಾವ ಬಣ್ಣವೂ ಇಲ್ಲದೆ ಇನ್ನೊಂದು ತೆಗೆದ. ಮೊದಲನೆಯದರಲ್ಲಿ ಮಚ್ಚೆ ಹುಡುಕಿದರೂ ಸಿಗಲಿಲ್ಲ. ಪೇದೆ ಬೆರಗಾಗಿ ಕೆನ್ನೆ ಮುಟ್ಟಿಕೊಂಡ. ಸಾಹೇಬರು ಎರಡನ್ನೂ ಬಹಳ ಹೊತ್ತು ನೋಡಿದರು.

"ಸರಿ ಕಣಪ್ಪಾ. ನಿನ್ನ ಕ್ಯಾಮೆರಾ ಇದ್ದದ್ದನ್ನ ಅಳಿಸುತ್ತೆ ಅಂತ ತೋರಿಸಿದೆ. ಇತ್ತು ಅನ್ನೋದನ್ನ ಯಾವುದ್ರಲ್ಲಿ ತೋರಿಸ್ತೀಯ? ಪೇದೆ ಮುಖ ಇಲ್ಲೈತೆ, ನೋಡ್ಬೋದು. ಆ ಹುಡುಗಿ ಮುಖ ಎಲ್ಲೈತೆ?"

"ಮಣ್ಣಲ್ಲೈತೆ ಸ್ವಾಮಿ, ತೆಗೆಸಿ ನೋಡಿ ಅಂತಾನೇ ನಾನು ಕೇಳ್ತಿರೋದು" ಎಂದಳು ಶಕುಂತಲಮ್ಮ.

ಸಾಹೇಬರು ಸಿರಾಜುದ್ದೀನನ ಮುಂದೆ ಕಾಗದ ಸರಿಸಿದರು. ಕಂಡದ್ದನ್ನು ಬರೆದುಕೊಡು, ಮೇಲಕ್ಕೆ ಕಳಿಸುತ್ತೇನೆ ಎಂದರು. ಅವನು ಬರೆದು ಸಹಿ ಹಾಕಿದ. ಮೇಲಕ್ಕೆ ಹೋದ ಕಾಗದ ಮೇಲೆಯೇ ಉಳಿಯಬಹುದು ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಅಷ್ಟರಲ್ಲಿ ಮಣ್ಣು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಇವಳು ಒಂದು ಸಲ ಬಾಯಿ ತುಂಬ ಬೈದರೂ ಸಾಕಿತ್ತು ಎಂದು ಸಿರಾಜುದ್ದೀನನಿಗೆ ಅನ್ನಿಸಿತು.

"ತಪ್ಪಾಯ್ತು ಅಮ್ಮಾ. ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ" ಎಂದ.

ಅವಳು ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಲೇ ಹೇಳಿದಳು: "ಅವಳೂ ಹಂಗೇ ಮಾಡೋಳು ಸಾಬ್ರೇ. ಊರಿಗೆ ಬಂದಾಗೆಲ್ಲ ಮುಖದ ತುಂಬ ಪೌಡರ್ ಬಳ್ಕೊಂಡು ಬರೋಳು. ಬಸ್ಸಿಂದ ಇಳೀತಿದ್ದಂಗೇ ನಂಗೆ ಗೊತ್ತಾಗೋದು, ಇವತ್ತೂ ಹೊಡ್ದವ್ನೆ ಅಂತ. ಕೇಳಿದ್ರೆ ಅಳ್ತಾಳೆ ಅಂತ ಕೇಳ್ತಿರ್ಲಿಲ್ಲ. ಎಷ್ಟು ಚೆನ್ನಾಗಿ ಕಾಣ್ತೀಯ ಕಣೇ ಅಂತಿದ್ದೆ. ಅದನ್ನ ಕೇಳಿ ನಗೋಳು, ವಾಪಸ್ ಹೋಗೋಳು."

ಬಸ್ಸು ಬಂತು. ಪಟವಿದ್ದ ಲಕೋಟೆಯನ್ನು ಅವನ ಕೈಗೇ ಕೊಟ್ಟು, ಶಕುಂತಲಮ್ಮ ಹತ್ತಿ ಹೋದಳು.